ನೊಬಿತಾನ ಪಕ್ಕದಲ್ಲಿ ಕುಳಿತ ಡೋರೇಮಾನ್

ಡೋರೇಮಾನ್ ಎಂಬ ನೀಲಿ ಯಂತ್ರಬೆಕ್ಕಿನ ಮೇಲೆ ಧಾರವಾಡದ ತಂದೆತಾಯಿಗಳಿಗಿರುವ ಸಿಟ್ಟು ಸಣ್ಣದಲ್ಲ. ಮಾಳಮಡ್ಡಿಯ ನಮ್ಮ ಮನೆಯಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುವ ನನ್ನ ಕಿವಿಗೆ ಆ ದೂರು ಮೇಲಿಂದ ಮೇಲೆ ಬೀಳುತ್ತದೆ. ಹುಡುಗರು ಶಾಲೆಯಿಂದ ಬಂದವರೇ ಹಿಂದಿಯಲ್ಲಿ ಬರುವ ಆ ಕಾರ್ಟೂನಿನ ಮುಂದೆ ಕೂಡುತ್ತಾರೆ, ಕಷ್ಟ ಬಂದಾಗ ಡೋರೇಮಾನನ ಹಾಗೆ ಹೊಟ್ಟೆಯ ಚೀಲದಿಂದ ಯಾರೋ ಉಪಾಯ ತೆಗೆದುಕೊಡುತ್ತಾರೆಂದು ನಂಬಿ ಮೈಗಳ್ಳರಾಗುತ್ತಾರೆ ಎಂಬುದು ಅವರ ವಾದ. ಇವರು ಒಂದು ಕಥೆಯನ್ನಾದರೂ ಕೊನೆಯವರೆಗೆ ನೋಡಿದ್ದಾರೆಯೇ ಎಂಬ ಅನುಮಾನ ನನ್ನದು.

ಫುಜಿಕೊ ಎಫ್. ಫುಜಿಯೊ ಎಂಬ ಹೆಸರಿನಿಂದ ಪ್ರಸಿದ್ಧರಾದ ಹಿರೋಶಿ ಫುಜಿಮೊಟೊ 1969ರ ಕೊನೆಯಲ್ಲಿ ಜಪಾನಿನ ಮಕ್ಕಳ ಪತ್ರಿಕೆಗಳಲ್ಲಿ ಆರಂಭಿಸಿದ ಈ ಚಿತ್ರಕಥೆಯಲ್ಲಿ, ನೊಬಿತಾ ಎಂಬ ಓದಿನಲ್ಲಿ ಹಿಂದುಳಿದ ಶಾಲಾಹುಡುಗ ಮುಂದೆ ಮಾಡಿಡುವ ಸಾಲದಿಂದ ಬಳಲುವ ಅವನದೇ ವಂಶದ ಹುಡುಗನೊಬ್ಬ ಹಿರಿಯನ ಹಣೆಬರಹ ತಿದ್ದಲೆಂದು 22ನೆಯ ಶತಮಾನದಿಂದ ಡೋರೇಮಾನನನ್ನು ಕಳಿಸುತ್ತಾನೆ. ಚೀಲದಿಂದ ಬರುವ ಸಾಧನಗಳು ಮೊದಮೊದಲು ಕೆಲಸ ಮಾಡಿದರೂ ನೊಬಿತಾನ ಅತಿಯಾಸೆಯಿಂದ ಬಹುತೇಕ ಕಥೆಗಳಲ್ಲಿ ಅವನಿಗೇ ತಿರುಗುಬಾಣವಾಗುತ್ತವೆ. ಪುಸ್ತಕದ ಪುಟಕ್ಕೆ ಒತ್ತಿ ತಿಂದರೆ ಪಾಠವೆಲ್ಲ ನೆನಪಿನಲ್ಲಿ ಉಳಿಯುವ ಬ್ರೆಡ್ಡಿನ ಕಥೆಯನ್ನೇ ನೋಡಿ: ಅವನು ಮಿತಿಮೀರಿ ತಿಂದು, ಹೊಟ್ಟೆ ಕೆಟ್ಟು, ಶೌಚಕ್ಕೆ ಹೋಗಿ ಬರುವಷ್ಟರಲ್ಲಿ ಕಲಿತದ್ದೆಲ್ಲ ತಲೆಯಿಂದ ಹೋಗಿರುತ್ತದೆ.

ಈ ಕಥೆ ನೋಡಿದ ನನ್ನ ತಂಗಿಯ ಮಗ ಬಿಸಿ ಜೋಳದ ರೊಟ್ಟಿಯೊಂದನ್ನು ಮಗ್ಗಿ ಪುಸ್ತಕದ ಮೇಲೆ ಅಂಗೈಯಿಂದ ಒತ್ತಿ, "ಮಾಮಾ, ಇದನ್ನ ತಿಂದ್ರ ಏಳರ ಮಗ್ಗಿ ಬರತೈತೇನು?" ಎಂದು ಕೇಳಿದ. ರೊಟ್ಟಿಗೆ ಒಂದಂಕಿಯೂ ಹತ್ತಲಿಲ್ಲ, ಪುಟಕ್ಕೆ ಮಾತ್ರ ಹಿಟ್ಟು ಹತ್ತಿತು. ಅವನೇ ನಕ್ಕು, ಹಿಟ್ಟು ಊದಿ, ರೊಟ್ಟಿಯನ್ನು ಶೇಂಗಾ ಚಟ್ನಿಯೊಂದಿಗೆ ತಿಂದು ಮುಗಿಸಿದ. ಸೋಮಾರಿತನ ಕಲಿಸುವ ಕಥೆಯಾಗಿದ್ದರೆ ಹುಡುಗನಿಗೆ ಈ ನಗು ಬರುತ್ತಿರಲಿಲ್ಲ.

ಆದರೆ ನಾನು ಡೋರೇಮಾನನಿಂದ ಕಲಿತದ್ದು ಸಾಧನಗಳ ವಿಷಯವಲ್ಲ, ದಡ್ಡನೆನಿಸಿಕೊಂಡವನ ಜೊತೆ ಇರುವ ರೀತಿ. ನೊಬಿತಾ ಸೊನ್ನೆ ಅಂಕ ತಂದಾಗ ಡೋರೇಮಾನ್ ಬೈಯುತ್ತಾನೆ, ಬೇಸರಪಡುತ್ತಾನೆ, ಕೆಲವೊಮ್ಮೆ ಸಹಾಯ ಮಾಡುವುದಿಲ್ಲವೆಂದು ಮುಖ ತಿರುಗಿಸುತ್ತಾನೆ, ಆದರೂ ಬಿಟ್ಟುಹೋಗುವುದಿಲ್ಲ. ಅವನೂ ಪರಿಪೂರ್ಣನಲ್ಲ. ಇಲಿ ಕಿವಿ ಕಡಿದ ಮೇಲೆ ಇಲಿಯೆಂದರೆ ಪ್ರಾಣಭಯ, ಸಿಹಿ ಹೂರಣದ ದೊರಾಯಾಕಿ ಕಂಡರೆ ಬಾಯಲ್ಲಿ ನೀರು. (ನಮ್ಮ ಲೈನ್ ಬಜಾರಿನ ಫೇಡೆ ಅವನಿಗೆ ಸಿಕ್ಕಿದ್ದರೆ ಜಪಾನಿಗೆ ಮರಳುತ್ತಿದ್ದನೋ ಇಲ್ಲವೋ.) ನೊಬಿತಾ ಬೆರಳಿಗೆ ದಾರ ಸುತ್ತಿ ಆಕಾರ ಮಾಡುವ ಆಟದಲ್ಲಿ, ಗುರಿಯಿಟ್ಟು ಹೊಡೆಯುವುದರಲ್ಲಿ ಎಲ್ಲರಿಗಿಂತ ಮುಂದು, ಅದಕ್ಕೆ ಅಂಕ ಕೊಡುವ ಪರೀಕ್ಷೆಯಿಲ್ಲ, ಅಷ್ಟೇ. ಸಪ್ತಾಪುರದ ಕೋಚಿಂಗ್ ಕೇಂದ್ರಗಳ ಫಲಕಗಳಲ್ಲಿ ಆಯ್ಕೆಯಾದವರ ಭಾವಚಿತ್ರಗಳನ್ನು ನೋಡುತ್ತ ಬೆಳೆಯುವ ನಮ್ಮೂರ ಮಕ್ಕಳಲ್ಲಿ ಇಂಥ ನೊಬಿತಾಗಳು ಬಹಳ. ಅವರ ಮುಂದೆ ಲೆಕ್ಕ ಬಿಡಿಸಿಟ್ಟು ಕೊಡುವುದು ಸುಲಭ, ಅವರು ತಪ್ಪು ಮಾಡುತ್ತಿರುವಾಗ ಸುಮ್ಮನೆ ಪಕ್ಕದಲ್ಲಿ ಕೂಡುವುದು ಕಷ್ಟ.

1974ರಲ್ಲಿ ಪ್ರಕಟವಾದ ಬೀಳ್ಕೊಡುಗೆಯ ಕಥೆಯಲ್ಲಿ ಡೋರೇಮಾನ್ ಭವಿಷ್ಯಕ್ಕೆ ಮರಳಬೇಕಾಗುತ್ತದೆ. ಅವನು ನಿಶ್ಚಿಂತನಾಗಿ ಹೋಗಲೆಂದು ನೊಬಿತಾ ಯಾವ ಸಾಧನವನ್ನೂ ಕೇಳದೆ ತನ್ನನ್ನು ಸದಾ ಕಾಡುವ ಬಲಿಷ್ಠ ಹುಡುಗ ಜಿಯಾನ್‌ನ ಎದುರು ಒಬ್ಬನೇ ನಿಂತು, ಹೊಡೆತ ತಿಂದು ಬಿದ್ದರೂ ಮತ್ತೆ ಮತ್ತೆ ಎದ್ದು, ಕೊನೆಗೆ ಜಿಯಾನನೇ ಸಾಕೆನ್ನುವಂತೆ ಮಾಡುತ್ತಾನೆ. ಬೆಕ್ಕು ಬಂದ ಕೆಲಸ ಅಲ್ಲಿಗೆ ಪೂರ್ತಿಯಾಯಿತೆಂದೇ ನನ್ನ ಲೆಕ್ಕ. ಮರು ತಿಂಗಳ ಸಂಚಿಕೆಯಲ್ಲಿ ಲೇಖಕರು ಅವನನ್ನು ಮರಳಿ ಕರೆತಂದರು. ನನ್ನ ಟ್ಯೂಷನ್ನಿನ ಹುಡುಗರೆಲ್ಲ ಅದು ಸರಿಯೆನ್ನುತ್ತಾರೆ. ನಾನು ಮಾತ್ರ ಇನ್ನೂ ಒಪ್ಪಿಲ್ಲ.