ನಂಬರ್ ಮಾತ್ರ ಇರುವ ಬಣ್ಣಗಳು

ಡಿಸ್ಕೌಂಟ್ ಅಂಗಡಿಗೆ ಯಾವ ಕೆಲಸಕ್ಕೆ ಹೋದರೂ ನನ್ನ ಕಣ್ಣು ಮೊದಲು ಹುಡುಕುವುದು ನೇಲ್ ಪಾಲಿಶ್ ಬುಟ್ಟಿಯನ್ನು. ದುಡ್ಡು ಉಳಿಯುತ್ತದೆ ಎನ್ನುವುದು ಒಂದು ಕಾರಣ, ನಿಜ. ಆದರೆ ದುಬಾರಿ ಬಾಟಲಿ ಕೊಳ್ಳುವಾಗ ನಾನು ತುಂಬಾ ಅಂಜುಬುರುಕಿ. ಅಷ್ಟು ಕೊಟ್ಟ ಮೇಲೆ ಅದು ಎಲ್ಲ ಬಟ್ಟೆಗೂ ಒಪ್ಪಬೇಕು, ಆಫೀಸಿಗೂ ನಡೆಯಬೇಕು, ಸಮಾರಂಭಕ್ಕೂ ಆಗಬೇಕು. ಕೊನೆಗೆ ಕೈಗೆ ಬರುವುದು ಅದೇ ತಿಳಿ ಗುಲಾಬಿ. ಅಗ್ಗದ ಬುಟ್ಟಿಯ ಮುಂದೆ ಈ ಲೆಕ್ಕಾಚಾರವೇ ಇಲ್ಲ. ಹಸಿರು ಬೇಕಾ, ತಗೋ. ಚೆನ್ನಾಗಿ ಕಾಣಲಿಲ್ವಾ, ಅಳಿಸಿಬಿಡು.

ಮೊನ್ನೆ ತಂಗಿಯ ಜೊತೆ ಬಕೆಟ್ ತರಲು ಹೋಗಿದ್ದೆ. ಬಕೆಟ್ ಎರಡು ನಿಮಿಷದಲ್ಲಿ ಸಿಕ್ಕಿತು. ಬುಟ್ಟಿಯ ಹತ್ತಿರ ಎಷ್ಟು ಹೊತ್ತು ನಿಂತೆವೋ ಕೇಳಬೇಡಿ. ಅವಳು ಬಣ್ಣ ನೋಡಿ ಎತ್ತುತ್ತಾಳೆ, ನಾನು ಬಾಟಲಿಯನ್ನು ತಲೆಕೆಳಗೆ ಮಾಡಿ ನೋಡುತ್ತೇನೆ.

"ಅಕ್ಕಾ, ಔಷಧಿ ತಗೊಳ್ತಿದೀಯಾ ಏನು?" ಎಂದು ನಕ್ಕಳು.

ನಗಲಿ. ಅಗ್ಗದ ಪಾಲಿಶ್‌ನಲ್ಲಿ ಬೆಲೆಗಿಂತ ಜಾಸ್ತಿ ನೋಡಬೇಕಾದದ್ದು ವಯಸ್ಸು. ಒಳಗಿನ ಮೂಲ ಸರಕು ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ. ಉಗುರಿನ ಮೇಲೆ ಗಟ್ಟಿ ಪದರವಾಗಿ ಕೂರುವುದು ನೈಟ್ರೋಸೆಲ್ಯುಲೋಸ್. ಅದನ್ನು ಕರಗಿಸಿಟ್ಟಿರುವುದು ಈಥೈಲ್ ಅಸಿಟೇಟ್, ಬ್ಯುಟೈಲ್ ಅಸಿಟೇಟ್ ಎಂಬ ದ್ರಾವಕಗಳು. ಮೂಗಿಗೆ ಹೊಡೆಯುವ ಆ ವಾಸನೆ ಇವುಗಳದ್ದೇ. ಬಣ್ಣದ ಪುಡಿ ತಳ ಸೇರದಿರಲಿ ಎಂದು ಒಂದು ಬಗೆಯ ಜೇಡಿಮಣ್ಣನ್ನೂ ಬೆರೆಸುತ್ತಾರೆ. ಸುಮ್ನೆ ಇಟ್ಟಾಗ ಅದು ಬಣ್ಣವನ್ನು ಮಂದವಾಗಿ ಹಿಡಿದಿರುತ್ತದೆ, ಅಲುಗಾಡಿಸಿದಾಗ ಸಡಿಲ ಬಿಡುತ್ತದೆ. ಯಾರೂ ಮುಟ್ಟದೆ ತಿಂಗಳುಗಟ್ಟಲೆ ಕೂತ ಬಾಟಲಿಯಲ್ಲಿ ಪುಡಿ ಕೆಳಗಿಳಿದು, ಮೇಲೆ ತಿಳಿಯಾದ ನೀರಿನಂಥ ಪಟ್ಟಿ ಕಾಣುತ್ತದೆ. ಅಷ್ಟಕ್ಕೇ ಬೇಡ ಅನ್ನಬೇಕಾಗಿಲ್ಲ. ಅಂಗೈಗಳ ನಡುವೆ ಉರುಳಿಸಿದರೆ ಬೆರೆಯಬಹುದು. ಒಳಗೆ ಬಣ್ಣ ಕಲಕಲೆಂದು ಹಾಕಿದ ಪುಟ್ಟ ಉಕ್ಕಿನ ಗುಂಡು ಇದ್ದರೆ ಕಿಣಿಕಿಣಿ ಅನ್ನಬೇಕು. ಅಲ್ಲಾಡಿಸಿದರೂ ಸದ್ದಿಲ್ಲ, ತಲೆಕೆಳಗೆ ಮಾಡಿದರೂ ಬಣ್ಣ ಜರುಗುತ್ತಿಲ್ಲ ಎಂದರೆ ದ್ರಾವಕ ಆಗಲೇ ಹಾರಿಹೋಗಿದೆ. ಅದನ್ನು ಹಚ್ಚಲು ಹೋದರೆ ಬ್ರಷ್ ಜೊತೆ ದಾರದಂತೆ ಎಳೆ ಎಳೆಯಾಗಿ ಬರುತ್ತದೆ.

ತಂಗಿ ಹಿಡಿದಿದ್ದ ಹಳದಿ ಬಣ್ಣದ್ದು ಇದೇ ಕೇಸು. ವಾಪಸ್ ಇಡಿಸಿದೆ. ಮುಖ ಊದಿಸಿಕೊಂಡಳು.

ಆಮೇಲೆ ಅವಳೇ ಒಂದು ಬಾಟಲಿ ತೋರಿಸಿ, "ಇದರಲ್ಲಿ 3 ಫ್ರೀ ಅಂತ ಇದೆ, ಮೂರು ಬಾಟಲಿ ಫ್ರೀನಾ?" ಎಂದಳು. ಬುಟ್ಟಿಯ ಮುಂದೆ ನಿಂತಾಗ ಹಾಗನಿಸುವುದು ಸಹಜವೇ! ಡೈಬ್ಯುಟೈಲ್ ಥ್ಯಾಲೇಟ್, ಟಾಲೂಯಿನ್, ಫಾರ್ಮಾಲ್ಡಿಹೈಡ್ ಈ ಮೂರನ್ನು ಹಾಕಿಲ್ಲ ಎಂದು ಅದರ ಅರ್ಥ. ಈಗ 5 ಫ್ರೀ, 10 ಫ್ರೀ ಎಂದೆಲ್ಲ ಬರುತ್ತವೆ. ಆ ಸಂಖ್ಯೆಗಳಿಗೆ ಎಲ್ಲರೂ ಒಪ್ಪಿದ ಒಂದೇ ಪಟ್ಟಿ ಇಲ್ಲ. ಯಾವುದು ಇಲ್ಲ ಅಂತ ದೊಡ್ಡದಾಗಿ ಬರೆಯುತ್ತಾರೆ, ಅದರ ಬದಲು ಏನು ಹಾಕಿದ್ದಾರೆ ಎನ್ನುವುದು ಸಣ್ಣಕ್ಷರದಲ್ಲಿ. ಪದರ ಬಿರುಕು ಬಿಡದಿರಲಿ ಎಂದು ಹಾಕುತ್ತಿದ್ದ ಥ್ಯಾಲೇಟ್ ಬದಲು ಬಂದವುಗಳಲ್ಲಿ ಟ್ರೈಫಿನೈಲ್ ಫಾಸ್ಫೇಟ್ ಅಥವಾ ಟಿಪಿಎಚ್‌ಪಿ ಒಂದು. 2015ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು ಸೇರಿ ಇದನ್ನು ಪರೀಕ್ಷಿಸಿದ್ದರು. ಪಾಲಿಶ್ ಹಚ್ಚಿಕೊಂಡ 10ರಿಂದ 14 ಗಂಟೆಗಳಲ್ಲಿ, ಅದು ದೇಹದೊಳಗೆ ಹೋಗಿ ಒಡೆದಾಗ ಆಗುವ ವಸ್ತುವಿನ ಮಟ್ಟ ಮಹಿಳೆಯರ ಮೂತ್ರದಲ್ಲಿ ಸುಮಾರು 7 ಪಟ್ಟು ಏರಿತ್ತು. ಇದು ಅಗ್ಗದ ಬಾಟಲಿಗಷ್ಟೇ ಅಂಟಿದ ಮಾತಲ್ಲ, ದುಬಾರಿಯದರಲ್ಲೂ ಇರಬಹುದು. ಹಾಗಾಗಿ ನನ್ನ ನಿಯಮ ಇಷ್ಟೇ: ಒಳಗಿರುವ ವಸ್ತುಗಳ ಪಟ್ಟಿಯೇ ಇಲ್ಲದ ಬಾಟಲಿ ಎಷ್ಟೇ ಅಗ್ಗವಾದರೂ ಮನೆಗೆ ಬರುವುದಿಲ್ಲ. ಈ ನಿಯಮಕ್ಕೆ ಬುಟ್ಟಿಯ ಅರ್ಧ ಬಾಟಲಿಗಳು ಆಹುತಿಯಾದವು.

ಉಳಿದವುಗಳಲ್ಲಿ ನನಗೆ ಸಿಕ್ಕಿದ್ದು ಒಂದು ನೀಲಿ. ನವಿಲಿನ ಕತ್ತಿನ ಬಣ್ಣ. ದುಬಾರಿ ಅಂಗಡಿಯಲ್ಲಿ ಮುಟ್ಟಿಯೂ ನೋಡುತ್ತಿರಲಿಲ್ಲ. ತಂಗಿಗೆ ಕಿತ್ತಳೆ.

ಮನೆಗೆ ಬಂದ ಕೂಡಲೇ ಕೂತೆವು. ಕಿಟಕಿ ತೆಗೆದೆವು. ಒಲೆ ಉರಿಯುವ ಅಡುಗೆಮನೆಯಲ್ಲಂತೂ ಇದನ್ನು ಹಚ್ಚಬಾರದು, ಈ ದ್ರಾವಕಗಳು ಬೇಗ ಬೆಂಕಿ ಹಿಡಿಯುತ್ತವೆ. ಅಗ್ಗದ ಬಾಟಲಿಯ ನಿಜವಾದ ಕಡಿಮೆತನ ಬ್ರಷ್‌ನಲ್ಲಿ. ನನ್ನದರಲ್ಲಿ ಒಂದು ಕೂದಲು ಅಡ್ಡಕ್ಕೆ ಚಾಚಿಕೊಂಡು, ಎಳೆದಲ್ಲೆಲ್ಲ ಗೆರೆ ಹಾಕುತ್ತಿತ್ತು. ಕತ್ತರಿಯಿಂದ ಕಚಕ್ ಅನ್ನಿಸಿದೆ. ಬಣ್ಣದ ಪುಡಿಯೂ ಕಡಿಮೆ ಹಾಕಿರುತ್ತಾರೆ. ಮೊದಲ ಕೋಟ್ ಕಂಡಾಗ "ಇಷ್ಟೇನಾ?" ಅನ್ನಿಸುತ್ತದೆ. ಆಗ ಬ್ರಷ್ ತುಂಬಾ ಅದ್ದಿ ದಪ್ಪಗೆ ಬಳಿಯುವ ಆಸೆಯಾಗುತ್ತದಲ್ಲ, ಅಲ್ಲೇ ಎಲ್ಲ ಕೆಡುವುದು. ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ. ರಾತ್ರಿ ಮಲಗಿದರೆ ಬೆಳಿಗ್ಗೆ ಹೊದಿಕೆಯ ನೇಯ್ಗೆ ಉಗುರಿನ ಮೇಲೆ ಅಚ್ಚಾಗಿರುತ್ತದೆ. ತೆಳ್ಳಗೆ ಎಳೆದು, ಕಾದು, ಮತ್ತೆ ತೆಳ್ಳಗೆ. ಮೂರನೆಯ ಕೋಟ್‌ಗೆ ನೀಲಿ ತುಂಬಿಕೊಂಡಿತು.

ನಾನು ದುಡ್ಡು ಸುರಿಯುವುದು ಬಣ್ಣಕ್ಕಿಂತ ಮೊದಲು ಹಚ್ಚುವ ಬೇಸ್ ಕೋಟ್ ಮೇಲೆ. ಅದರಲ್ಲಿ ಚೌಕಾಸಿ ಇಲ್ಲ. ಗಾಢ ಬಣ್ಣಗಳು ನೇರ ಉಗುರಿಗೆ ತಾಗಿದರೆ ಹಳದಿ ಕಲೆ ಬಿಡುತ್ತವೆ. ರಿಮೂವರ್‌ಗೂ ಅದು ಹೋಗುವುದಿಲ್ಲ. ಕೈ ಉಗುರು ತಿಂಗಳಿಗೆ ಬೆಳೆಯುವುದೇ ಸುಮಾರು 3 ಮಿಲಿಮೀಟರ್. ಕಲೆ ಬೆಳೆದು ತುದಿಗೆ ಬರುವವರೆಗೆ ಕಾಯುತ್ತಾ ಕೂರಬೇಕು. ತಂಗಿಗೆ ಇದನ್ನು ಹೇಳುವಷ್ಟರಲ್ಲಿ ಅವಳು ಒಂದು ಕೈಗೆ ಕಿತ್ತಳೆ ಬಳಿದು ಮುಗಿಸಿದ್ದಳು. "ಕಾಲಿಗೆ ಹಾಕೋವಾಗ ಹಾಕ್ತೀನಿ ಬಿಡು" ಎಂದಳು.

ಹಾಂ, ಇನ್ನೊಂದು. ಗಟ್ಟಿಯಾದ ಬಾಟಲಿಗೆ ರಿಮೂವರ್ ಸುರಿದು ಸರಿಮಾಡಬಹುದು ಎಂದು ಬಹಳ ಜನ ಹೇಳುತ್ತಾರೆ. ಬೇಡ. ರಿಮೂವರ್‌ನಲ್ಲಿ ನೀರು, ಎಣ್ಣೆ ಎಲ್ಲ ಇರುತ್ತದೆ, ಪಾಲಿಶ್‌ನ ಹದ ಒಡೆದುಹೋಗುತ್ತದೆ. ಇದಕ್ಕೆಂದೇ ಥಿನ್ನರ್ ಸಿಗುತ್ತದೆ, ಅದೇ ಅಸಿಟೇಟ್‌ಗಳಿಂದ ಮಾಡಿದ್ದು. ಕೆಲವು ಹನಿ ಸಾಕು. ಆದರೆ ಥಿನ್ನರ್ ಬೆಲೆ ನೋಡಿದರೆ ಅಗ್ಗದ ಇನ್ನೊಂದು ಬಾಟಲಿಯೇ ವಾಸಿ ಅನ್ನಿಸುವುದೂ ಉಂಟು.

ಮರುದಿನ ಆಫೀಸಿನಲ್ಲಿ ಸಹೋದ್ಯೋಗಿಯೊಬ್ಬರು ನನ್ನ ಕೈ ಹಿಡಿದು ನೋಡಿದರು. "ಯಾವ ಬ್ರಾಂಡ್ ರೀ ಇದು? ಶೇಡ್ ಹೆಸರೇನು?" ದುಬಾರಿ ಬಾಟಲಿಗಳಿಗೆ ಮಿಡ್‌ನೈಟ್ ಏನೋ, ಓಷನ್ ಏನೋ ಎಂದು ಹೆಸರಿಡುತ್ತಾರೆ. ನನ್ನದರ ತಳದಲ್ಲಿ ಬರೀ ಒಂದು ನಂಬರ್. ಅದನ್ನೇ ಹೇಳಿದೆ, ಬರೆದುಕೊಂಡರು. ಅಂಗಡಿಯ ದಾರಿಯನ್ನೂ ಹೇಳಿದೆ. ಆದರೆ ಇಂಥ ಅಂಗಡಿಗೆ ಬರುವುದು ಎಲ್ಲಿಂದಲೋ ಮಿಕ್ಕ ಸರಕು, ಒಮ್ಮೆ ಮುಗಿದದ್ದು ಮತ್ತೆ ಬರುವ ಖಾತ್ರಿ ಇಲ್ಲ. ಅವರು ಹೋಗುವಷ್ಟರಲ್ಲಿ ನೀಲಿ ಖಾಲಿ. ಹಟ ಬಿಡದೆ ಬುಟ್ಟಿ ಕೆದಕಿ, ತಾವು ಎಂದೂ ಹಾಕದ ಒಂದು ನೇರಳೆ ಹಿಡಿದು ಬಂದಿದ್ದಾರೆ. ಬಾಟಲಿ ತಲೆಕೆಳಗೆ ಮಾಡಿ ನೋಡಿದಿರಾ ಎಂದು ಕೇಳಿದರೆ, ಯಾಕೆ ಎಂದು ನನ್ನನ್ನೇ ಕೇಳಿದರು.