ದೊಡ್ಡ ಕಪ್ ಬೇಡವೆನ್ನುವ ನನ್ನ ಹಟ

ಕಾಫಿ ಯಂತ್ರ ಕೊಳ್ಳುವ ಮೊದಲು ತಿಂಗಳುಗಟ್ಟಲೆ ಲೆಕ್ಕ ಹಾಕುವವರು ಕಪ್ಪಿನ ಮಾತು ಬಂದಾಗ ಮಾತ್ರ ಮನೆಯಲ್ಲಿ ಇದ್ದದ್ದರಲ್ಲೇ ಸುಧಾರಿಸಿಕೊಳ್ಳುತ್ತಾರೆ. ಯಂತ್ರ ಎಂಥದೇ ಇರಲಿ, ಅದಕ್ಕೆ ಕೈ ಪಳಗುತ್ತದೆ. ಆದರೆ ಮುನ್ನೂರು ಮಿಲಿಲೀಟರ್ ಹಿಡಿಸುವ ಮಗ್ಗಿಗೆ ಸುರಿದ ಮೇಲೆ ಯಾರ ಕೈಚಳಕದಿಂದಲೂ ಕ್ಯಾಪುಚಿನೊ ಉಳಿಯುವುದಿಲ್ಲ. ಅದು ಕಾಫಿಯ ವಾಸನೆ ಇರುವ ಬಿಸಿ ಹಾಲು.

ಇದು ನನ್ನೊಬ್ಬಳ ಹಟವಲ್ಲ. ಇಟಲಿಯ ರಾಷ್ಟ್ರೀಯ ಎಸ್ಪ್ರೆಸೊ ಸಂಸ್ಥೆ ಕ್ಯಾಪುಚಿನೊಗೆ ಒಂದು ಅಳತೆಯನ್ನೇ ಕಟ್ಟಿಕೊಟ್ಟಿದೆ: 25 ಮಿ.ಲೀ. ಎಸ್ಪ್ರೆಸೊ (ಯಂತ್ರದ ಒತ್ತಡದಲ್ಲಿ ಇಳಿಸಿದ ಗಟ್ಟಿ ಕಾಫಿ), 100 ಮಿ.ಲೀ. ತಣ್ಣನೆಯ ಹಾಲು. ಆ ಹಾಲು ಹಬೆಗೆ ಉಬ್ಬಿ 125 ಮಿ.ಲೀ. ಆಗಬೇಕು, ಶಾಖ ಸುಮಾರು 55 ಡಿಗ್ರಿ ಸೆಲ್ಸಿಯಸ್ ಇರಬೇಕು. ಕೂಡಿದರೆ 150. ಅಂದರೆ ಅಂಚಿನವರೆಗೆ 150ರಿಂದ 160 ಮಿ.ಲೀ. ಹಿಡಿಸುವ ಕಪ್ ಸಾಕು. ಮನೆಯಲ್ಲಿ ಎರಡು ಪಾಲು ಎಸ್ಪ್ರೆಸೊ ತೆಗೆಯುವ ಅಭ್ಯಾಸವಿದ್ದರೆ 180ಕ್ಕೆ ಹೋಗಬಹುದು. ಅದರಾಚೆಗೆ ಹೋಗುವವರು ಹಾಲೇ ಹೆಚ್ಚಿರುವ ಲಾಟೆ ಕುಡಿಯುತ್ತಿದ್ದೇವೆ ಎಂದು ಒಪ್ಪಿಕೊಂಡುಬಿಡುವುದು ಒಳ್ಳೆಯದು. ಲಾಟೆಯೂ ಒಳ್ಳೆಯ ಪಾನೀಯವೇ, ಜಗಳವಿಲ್ಲ.

ಪೆಟ್ಟಿಗೆಯ ಮೇಲೆ ‘ಕ್ಯಾಪುಚಿನೊ ಕಪ್’ ಎಂದು ಬರೆದಿರುವುದನ್ನು ಮಾತ್ರ ನಂಬಬೇಡಿ. ಆ ಹೆಸರಿನಲ್ಲಿ 150ರದ್ದೂ ಸಿಗುತ್ತದೆ, 300ರದ್ದೂ ಸಿಗುತ್ತದೆ. ಅಳತೆ ಔನ್ಸಿನಲ್ಲಿದ್ದರೆ 5 ಔನ್ಸ್ ಎಂದರೆ ಸುಮಾರು 148 ಮಿ.ಲೀ., 6 ಎಂದರೆ 177, 8 ಎಂದರೆ 237. ಕೆಲವರು ಅಂಚಿನವರೆಗಿನ ಅಳತೆ ಕೊಡುತ್ತಾರೆ, ಕೆಲವರು ಅದಕ್ಕಿಂತ ಒಂದು ಬೆರಳು ಕೆಳಗಿನದು. ನಾನು ಕಪ್ಪನ್ನು ಅಡುಗೆಮನೆಯ ತಕ್ಕಡಿಯ ಮೇಲಿಟ್ಟು, ಸೊನ್ನೆ ಮಾಡಿ, ಅಂಚಿನವರೆಗೆ ನೀರು ತುಂಬಿಸುತ್ತೇನೆ. ಎಷ್ಟು ಗ್ರಾಂ ತೋರಿಸುತ್ತದೋ ಅಷ್ಟೇ ಮಿಲಿಲೀಟರ್. “ಅಕ್ಕಾ, ನೀನು ಕಾಫಿ ಕುಡಿಯುತ್ತೀಯೋ, ತೂಗುತ್ತೀಯೋ?” ಎಂದು ತಂಗಿ ಕೇಳುವುದು ಇಂಥ ಹೊತ್ತಿನಲ್ಲೇ.

ಗಾತ್ರದ ನಂತರ ನಾನು ನೋಡುವುದು ಒಳಗಿನ ಆಕಾರವನ್ನು. ಹೊರಗಿನ ಚೆಲುವಿಗೆ ಮರುಳಾಗುವವರು ಕಪ್ಪನ್ನು ಬಗ್ಗಿಸಿ ತಳ ನೋಡುವುದೇ ಇಲ್ಲ. ಗೋಡೆ ತಳಕ್ಕೆ ಸೇರುವ ಕಡೆ ಮೂಲೆ ಇರಬಾರದು, ಬೋಗುಣಿಯ ಹಾಗೆ ಬಾಗಿಕೊಂಡು ಬಂದಿರಬೇಕು. ದುಂಡು ತಳದಲ್ಲಿ ಆ ಒಂದಿಷ್ಟು ಎಸ್ಪ್ರೆಸೊ ತೆಳ್ಳಗೆ ಹರಡಿಹೋಗದೆ ನಡುವೆ ಆಳವಾಗಿ ನಿಲ್ಲುತ್ತದೆ. ಕಪ್ಪನ್ನು ಸ್ವಲ್ಪ ಓರೆ ಹಿಡಿದು ಹಾಲನ್ನು ಎತ್ತರದಿಂದ ಸಣ್ಣ ಧಾರೆಯಾಗಿ ಬಿಟ್ಟರೆ ಅದು ಮೇಲಿನ ಕೆಂಗಂದು ನೊರೆಯನ್ನು ತೂರಿ ಕೆಳಗೆ ಹೋಗಿ, ಬಾಗಿದ ಗೋಡೆಯನ್ನು ಅನುಸರಿಸಿ ಸುತ್ತಿಕೊಂಡು ಮೇಲೇರುತ್ತದೆ. ಕಂದು ಬಣ್ಣ ಒಡೆಯುವುದಿಲ್ಲ. ಅರ್ಧ ತುಂಬಿದ ಮೇಲೆ ಜಗ್ಗಿನ ಮೂತಿಯನ್ನು ಮೇಲ್ಮೈಗೆ ತಾಗುವಷ್ಟು ಹತ್ತಿರ ತಂದರೆ ಬಿಳಿ ಚುಕ್ಕೆ ಅರಳತೊಡಗುತ್ತದೆ. ಚಪ್ಪಟೆ ತಳದ ಕಪ್ಪಿನಲ್ಲಿ ಹಾಲು ನೆಲಕ್ಕೆ ಬಡಿದು ಅಲ್ಲಿಂದಲೇ ಚಿಮ್ಮುತ್ತದೆ. ಅಲ್ಲಲ್ಲಿ ಬಿಳಿ ಕಲೆ ಏಳುತ್ತದೆ, ಮೂಲೆಯಲ್ಲಿ ಕಾಫಿ ಕಲೆಯದೆ ಉಳಿಯುತ್ತದೆ, ಕೊನೆಯ ಗುಟುಕು ಕಹಿಯಾಗುತ್ತದೆ.

ಬಾಯಿ ಅಗಲವಿರಬೇಕು ಎನ್ನುವುದೂ ಇದೇ ಕಾರಣಕ್ಕೆ. ಎತ್ತರದ, ಕಿರಿದಾದ ಕಪ್ಪಿನಲ್ಲಿ ಜಗ್ಗಿನ ಮೂತಿ ಕೆಳಗಿಳಿಯುವುದಿಲ್ಲ. ನೊರೆ ಜಗ್ಗಿನಲ್ಲೇ ತಡೆದು ನಿಂತು, ಕೊನೆಯಲ್ಲಿ ಒಂದೇ ಮುದ್ದೆಯಾಗಿ ಬೀಳುತ್ತದೆ. ನಾನು ಈಗ ಬಳಸುವ ಕಪ್ಪಿನ ಬಾಯಿ ಎಂಟೂವರೆ ಸೆಂಟಿಮೀಟರ್, ಎತ್ತರ ಆರು. ಬಾಯಿ ಇದಕ್ಕಿಂತ ಹಿಗ್ಗಿದರೆ ಚಿತ್ರ ಬಿಡಿಸಲು ಸುಲಭ, ಆದರೆ ನೊರೆ ತೆಳುವಾಗಿ ಹರಡಿ ಬೇಗ ಆರುತ್ತದೆ. ಎಲೆ, ಹೃದಯ ಬಿಡಿಸುವ ಆಸೆ ನನಗಿಲ್ಲ. ಮೊದಲ ಗುಟುಕಿನಲ್ಲಿ ನೊರೆಯೂ ಕಾಫಿಯೂ ಒಟ್ಟಿಗೆ ಬಂದರೆ ಸಾಕು.

ದಪ್ಪ ಕಪ್ ಬಿಸಿ ಉಳಿಸುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅದು ಅರ್ಧ ಸತ್ಯ. ಲೆಕ್ಕ ಹಾಕಿ ನೋಡೋಣ. ಪಿಂಗಾಣಿಯನ್ನು ಒಂದು ಡಿಗ್ರಿ ಬಿಸಿ ಮಾಡಲು ಅಷ್ಟೇ ತೂಕದ ನೀರಿಗೆ ಬೇಕಾಗುವ ಶಾಖದ ಸುಮಾರು ಐದನೆಯ ಒಂದು ಪಾಲು ಸಾಕು. ನನ್ನ ಕಪ್ಪಿನ ತೂಕ ಹೆಚ್ಚುಕಡಿಮೆ 250 ಗ್ರಾಂ. 25 ಡಿಗ್ರಿಯಲ್ಲಿ ತಣ್ಣಗೆ ಕುಳಿತಿರುವ ಆ ಕಪ್ಪಿಗೆ 60 ಡಿಗ್ರಿಯ 125 ಗ್ರಾಂ ಕಾಫಿ-ಹಾಲು ಸುರಿದರೆ, ಎರಡರ ಶಾಖವೂ ಸಮನಾಗುವ ಹೊತ್ತಿಗೆ ಅದು ಸುಮಾರು 50ಕ್ಕೆ ಇಳಿದಿರುತ್ತದೆ. ಇನ್ನೂ ಗುಟುಕರಿಸಿಯೇ ಇಲ್ಲ, ಹತ್ತು ಡಿಗ್ರಿ ಕಪ್ಪಿನ ಪಾಲಾಯಿತು! ಅದೇ ಕಪ್ಪನ್ನು ಮೊದಲೇ 50 ಡಿಗ್ರಿಗೆ ಬೆಚ್ಚಗೆ ಮಾಡಿಟ್ಟಿದ್ದರೆ ನಷ್ಟ ಮೂರೇ ಡಿಗ್ರಿ. ಅಲ್ಲಿಂದ ಮುಂದೆ ದಪ್ಪ ಗೋಡೆ ನಿಜಕ್ಕೂ ನಮ್ಮ ಪರವಾಗಿ ಕೆಲಸ ಮಾಡುತ್ತದೆ.

ಆದ್ದರಿಂದ ನನ್ನ ತೀರ್ಪು: ಕಪ್ ಬೆಚ್ಚಗೆ ಮಾಡುವ ತಾಳ್ಮೆ ಇದ್ದವರು ದಪ್ಪದ್ದು ಕೊಳ್ಳಲಿ, ಇಲ್ಲದವರು ಹಗುರವಾದ ತೆಳು ಪಿಂಗಾಣಿ ಕೊಳ್ಳಲಿ. ದಪ್ಪ ಕಪ್ ಕೊಂಡು ತಣ್ಣಗೇ ಬಳಸಿ, ಆ ನಷ್ಟ ತುಂಬಲು ಹಾಲನ್ನು ಕುದಿಯುವಷ್ಟು ಕಾಯಿಸುವುದಿದೆಯಲ್ಲ, ಅದು ಎಲ್ಲಕ್ಕಿಂತ ಕೆಟ್ಟದ್ದು. 70 ಡಿಗ್ರಿ ದಾಟಿದ ಹಾಲಿಗೆ ಬೆಂದ ವಾಸನೆ ಹತ್ತುತ್ತದೆ, ಸಿಹಿ ಮಂಕಾಗುತ್ತದೆ, ನೊರೆಯೂ ಒರಟಾಗುತ್ತದೆ.

ಬೆಚ್ಚಗೆ ಮಾಡುವುದೇನೂ ಘನಕಾರ್ಯವಲ್ಲ. ಬೀಜ ಪುಡಿ ಮಾಡುವಷ್ಟು ಹೊತ್ತು ಕಪ್ಪಿನ ತುಂಬ ಬಿಸಿನೀರು ಇರಲಿ, ಆಮೇಲೆ ಚೆಲ್ಲಿ ಬಟ್ಟೆಯಿಂದ ಒರೆಸಿ. ಯಂತ್ರದ ನೆತ್ತಿಯ ಮೇಲೆ ಕಪ್ ಇಡುವ ಜಾಗ ಇರುತ್ತದೆ, ನಿಜ. ಆದರೆ ಸಣ್ಣ ಯಂತ್ರಗಳಲ್ಲಿ ಅದು ಬಹಳ ಹೊತ್ತಿನ ಮೇಲೂ ಉಗುರುಬೆಚ್ಚಗಷ್ಟೇ ಆಗುತ್ತದೆ. ಅಂಗೈಯಲ್ಲಿ ಆರಾಮವಾಗಿ ಹಿಡಿಯುವಂತಿದ್ದರೆ ಹದ ಸರಿ. ಕೈ ಹಿಂದೆಗೆಯುವಷ್ಟು ಬಿಸಿಯಾದರೆ ತುಟಿಯೂ ಸುಡುತ್ತದೆ.

ತಂಗಿಗೆ ಎರಡು ಪದರದ ಗಾಜಿನ ಕಪ್ ಎಂದರೆ ಪ್ರಾಣ. ಒಳಗೋಡೆ ಹಗುರವಾದ್ದರಿಂದ ಅದು ಕಾಫಿಯಿಂದ ಹೆಚ್ಚು ಶಾಖ ಕಿತ್ತುಕೊಳ್ಳುವುದಿಲ್ಲ, ನಡುವಿನ ಗಾಳಿಯಿಂದಾಗಿ ಹೊರಗೆ ಕೈ ಸುಡುವುದಿಲ್ಲ, ಕಂದು ಬಿಳಿ ಪದರಗಳೂ ಕಾಣುತ್ತವೆ. ಇಷ್ಟನ್ನೂ ಒಪ್ಪುತ್ತೇನೆ. ಆದರೂ ನನಗೆ ಬೇಡ. ಅಂಚಿನಲ್ಲಿ ಎರಡು ಗೋಡೆ ಸೇರುವ ಕಡೆ ಗಾಜು ಉಂಡೆಗಟ್ಟಿದಂತಿರುತ್ತದೆ, ತುಟಿಗೆ ಹಿತವಿಲ್ಲ. ತಳದಲ್ಲಿ ಮುಚ್ಚಿರುವ ಪುಟ್ಟ ರಂಧ್ರ ಬಿಟ್ಟುಕೊಂಡರೆ ಗೋಡೆಗಳ ನಡುವೆ ನೀರು ಸೇರಿ, ಒರೆಸಲಾಗದ ಮಂಜು ಕೂರುತ್ತದೆ.

ಹಿಡಿಯ ವಿಷಯದಲ್ಲಿ ನಾನು ನಿರ್ದಯಿ. ನನ್ನ ಹೆಬ್ಬೆರಳ ಸಂದಿಗೆ ನೋವಿದೆ. ತುಂಬಿದ ಕಪ್ ನಾನೂರು ಗ್ರಾಂ ಹತ್ತಿರ ಬರುತ್ತದೆ, ಅದನ್ನು ಚಿವುಟಿ ಹಿಡಿಯುವಂತಿದ್ದರೆ ಎಂಥ ಚೆಂದದ ಕಪ್ಪೂ ಕಪಾಟಿನಲ್ಲೇ ಉಳಿಯುತ್ತದೆ. ತೋರುಬೆರಳು ಸಲೀಸಾಗಿ ಹಿಡಿಯೊಳಗೆ ಹೋಗಬೇಕು, ಹೆಬ್ಬೆರಳು ಮೇಲೆ ಕೂರಲು ಸ್ವಲ್ಪ ಚಪ್ಪಟೆ ಜಾಗ ಬೇಕು, ಬೆರಳ ಗಂಟು ಬಿಸಿ ಗೋಡೆಗೆ ತಾಗಬಾರದು. ಅಂಗಡಿಯಲ್ಲಿ ಖಾಲಿ ಕಪ್ ಎತ್ತಿ ನೋಡಿದರೆ ಇದು ಗೊತ್ತಾಗುವುದಿಲ್ಲ, ನೀರು ತುಂಬಿಸಿಕೊಡಿ ಎಂದು ಕೇಳಿದರೆ ವಿಚಿತ್ರವಾಗಿ ನೋಡುತ್ತಾರೆ. ನೋಡಲಿ.

ಬಣ್ಣದ ಬಗ್ಗೆ ಒಂದು ಸ್ವಾರಸ್ಯ. 2014ರಲ್ಲಿ ‘ಫ್ಲೇವರ್’ ಎಂಬ ನಿಯತಕಾಲಿಕದಲ್ಲಿ ಬಂದ ಅಧ್ಯಯನವೊಂದರಲ್ಲಿ, ಬಿಳಿ ಮಗ್ಗಿನಲ್ಲಿ ಕೊಟ್ಟ ಲಾಟೆ ನೀಲಿ ಮತ್ತು ಪಾರದರ್ಶಕ ಮಗ್ಗಿನದಕ್ಕಿಂತ ಕಡಿಮೆ ಸಿಹಿ ಎಂದು ಕುಡಿದವರು ಹೇಳಿದ್ದರು. ಸಕ್ಕರೆ ಬಿಡಲು ಒದ್ದಾಡುತ್ತಿರುವವರು ನೀಲಿ ಕೊಂಡು ನೋಡಬಹುದು. ನಾನಂತೂ ಒಳಗೆ ಬಿಳಿಯೇ ಇರಲಿ ಎನ್ನುವವಳು. ನೊರೆ ಎಷ್ಟು ನುಣುಪಾಗಿ ಬಂದಿದೆ, ಎಸ್ಪ್ರೆಸೊ ಎಷ್ಟು ಕಪ್ಪಾಗಿದೆ ಎನ್ನುವುದು ಅದರಲ್ಲೇ ಸರಿಯಾಗಿ ಕಾಣುತ್ತದೆ.

ಹೊಳಪಿಲ್ಲದ ಒರಟು ಮೆರುಗಿನ ಕಪ್‌ಗಳು ಚಿತ್ರದಲ್ಲಿ ಚೆಂದ. ಒಳಗೂ ಅದೇ ಮೆರುಗು ಇದ್ದರೆ ಚಮಚ ಆಡಿಸಿದಲ್ಲೆಲ್ಲ ಬೂದು ಗೆರೆ ಬೀಳುತ್ತದೆ. ಅದು ಗೀರಲ್ಲ, ಚಮಚದ ಲೋಹವೇ ಸವೆದು ಅಂಟಿಕೊಂಡಿರುವುದು. ಅಡುಗೆ ಸೋಡಾವನ್ನು ಒದ್ದೆ ಮಾಡಿ ಉಜ್ಜಿದರೆ ಬಹುಮಟ್ಟಿಗೆ ಹೋಗುತ್ತದೆ, ಆದರೆ ದಿನಾ ಉಜ್ಜುವವರು ಯಾರು?

ಯಂತ್ರದ ಮೂತಿಯ ಕೆಳಗೆ, ತಕ್ಕಡಿಯನ್ನೂ ಇಟ್ಟ ಮೇಲೆ, ಕಪ್ಪಿಗೆ ಎಷ್ಟು ಎತ್ತರ ಉಳಿಯುತ್ತದೆ ಎಂದು ಅಳೆದುಕೊಂಡೇ ಹೊರಡಿ. ಕೊಳ್ಳುವಾಗ ಆರರ ಸೆಟ್ಟಿಗೆ ಕೈ ಹಾಕದೆ ಒಂದನ್ನು ತನ್ನಿ. ಕೆಲವು ದಿನ ಕುಡಿದು ಒಗ್ಗಿದರೆ ಇನ್ನೊಂದು. ಮುಂದೆ ಒಂದು ಒಡೆದರೆ ಅದರ ಜೋಡಿ ಬಿಡಿಯಾಗಿ ಸಿಗುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಹೂವು ಬಳ್ಳಿಯ ಸೆಟ್‌ಗಳು ಬೇಗ ಮಾರುಕಟ್ಟೆಯಿಂದ ಮಾಯವಾಗುತ್ತವೆ, ಉಪಾಹಾರ ಗೃಹಗಳಿಗೆಂದೇ ತಯಾರಾಗುವ ಸಾದಾ ಬಿಳಿ ಕಪ್‌ಗಳು ಮಾತ್ರ ವರ್ಷಗಟ್ಟಲೆ ಅದೇ ಅಳತೆಯಲ್ಲಿ ಬರುತ್ತಿರುತ್ತವೆ.