ಬಿ ಟೀಮಿನ ಮ್ಯಾಚಿಗೆ ಹೋದ ಮಧ್ಯಾಹ್ನ

ಬೆಂಗಳೂರು ಎಫ್‌ಸಿ ಫುಟ್‌ಬಾಲ್ ಕ್ಲಬ್ಬು ಅಂದರೆ ಜನಕ್ಕೆ ನೆನಪಾಗುವುದು ಕಂಠೀರವ ಸ್ಟೇಡಿಯಂ, ನೀಲಿ ಶರ್ಟು, ಡ್ರಮ್ಮಿನ ಸದ್ದು, ಸುನಿಲ್ ಛೆಟ್ರಿ. ಅದೇ ಕ್ಲಬ್ಬಿಗೆ ಇನ್ನೊಂದು ಟೀಮೂ ಇದೆ. ಕಾಗದದ ಮೇಲೆ ಅದು ರಿಸರ್ವ್ ಟೀಮು. ಮೈದಾನದ ಸುತ್ತಮುತ್ತ ಇರುವವರ ಬಾಯಲ್ಲಿ ಸುಮ್ನೆ ‘ಬಿ ಟೀಮು’. ಅಕಾಡೆಮಿಯಲ್ಲಿ ಬೆಳೆದ ಹುಡುಗರು, ಇನ್ನೂ ದೊಡ್ಡ ಟೀಮಿಗೆ ಕಾಲಿಡದವರು, ಬೆಂಗಳೂರಿನ ಸೂಪರ್ ಡಿವಿಷನ್ ಲೀಗಿನಲ್ಲಿ ಆಡುತ್ತಾರೆ. ಜಾಗ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂ, ಗರುಡಾ ಮಾಲಿನ ಹತ್ತಿರ. ವಾರದ ಮಧ್ಯೆ, ಎಲ್ಲರೂ ಆಫೀಸಿನಲ್ಲಿರುವ ಹೊತ್ತಲ್ಲೇ ಎಷ್ಟೋ ಸಲ ಮ್ಯಾಚು ಇರುತ್ತದೆ. ಅದಕ್ಕೇ ಯಾರೂ ಬರುವುದಿಲ್ಲ.

ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋದವರು ನಮ್ಮ ಬೀದಿಯ ಅಂಕಲ್. ಒಂದು ಸರ್ಕಾರಿ ಕಾರ್ಖಾನೆಯ ಟೀಮಿನಲ್ಲಿ ಗೋಲಿನ ಮುಂದೆ ಎದುರಾಳಿಯನ್ನು ತಡೆಯುವ ಸ್ಟಾಪರ್ ಬ್ಯಾಕ್ ಆಗಿದ್ದವರು. ರಿಟೈರ್ ಆಗಿ ಸುಮಾರು ವರ್ಷವಾಗಿದೆ. ಮಂಡಿ ಕೈಕೊಟ್ಟಿದೆ, ಬಾಯಿ ಮಾತ್ರ ಇನ್ನೂ ಚುರುಕು. “ಟಿವಿಯಲ್ಲಿ ನೋಡೋದು ಆಟ ಅಲ್ಲ ಕಣಯ್ಯಾ, ಬಾ ತೋರಿಸ್ತೀನಿ” ಅಂದರು. ಅರ್ಧ ದಿನ ರಜೆ ಹಾಕಿ ಹೋದೆ.

ಸ್ಟ್ಯಾಂಡಿನಲ್ಲಿ ಕೆಲವೇ ಜನ. ಮುಕ್ಕಾಲು ಪಾಲು ಅಂಕಲ್ ಥರದವರೇ. ಆಸ್ಟಿನ್ ಟೌನು, ಗೌತಮಪುರ, ಮರ್ಫಿ ಟೌನು ಕಡೆಯ ಹಳೇ ಆಟಗಾರರು. ಒಬ್ಬರಿಗೊಬ್ಬರು ತಮಿಳಲ್ಲಿ ಬೈದುಕೊಳ್ಳುತ್ತಾ, ನನಗೆ ಕನ್ನಡದಲ್ಲಿ ವಿವರಿಸುತ್ತಾ ಕೂತಿದ್ದರು. 2013ರಲ್ಲಿ ಬೆಂಗಳೂರು ಎಫ್‌ಸಿ ಶುರುವಾದಾಗ ಮೊದಲ ಸೀಸನ್ ಇದೇ ಮೈದಾನದಲ್ಲಿ ಆಡಿ, ಅದೇ ಸೀಸನ್ ಆಗಿನ ದೇಶದ ದೊಡ್ಡ ಲೀಗಾದ ಐ-ಲೀಗ್ ಗೆದ್ದಿತ್ತು. ಆಗ ಸೀಟು ಸಿಗುತ್ತಿರಲಿಲ್ಲ ಅಂತ ಒಬ್ಬರು, ನಾನು ಗೇಟಿನವನಿಗೆ ಹೇಳಿ ಒಳಗೆ ಹೋಗ್ತಿದ್ದೆ ಅಂತ ಇನ್ನೊಬ್ಬರು.

ಹುಡುಗರು ವಾರ್ಮ್ ಅಪ್ ಮಾಡುತ್ತಿದ್ದರು. ಎಲ್ಲರೂ 18, 19ರ ಆಸುಪಾಸು. ಜೆರ್ಸಿಯ ಒಳಗೆ ಕಪ್ಪು ಬನಿಯನ್, ಬೆನ್ನ ಮೇಲೆ, ಎರಡು ಭುಜದ ನಡುವೆ ಸಣ್ಣ ಡಬ್ಬಿಯಷ್ಟು ಉಬ್ಬು. ಎಷ್ಟು ಓಡಿದ, ಎಷ್ಟು ವೇಗವಾಗಿ ಓಡಿದ ಅಂತ ಲೆಕ್ಕ ಇಡುವ ಜಿಪಿಎಸ್ ಅದು. ಕೆಲವರು ಮಣಿಪುರ, ಮಿಜೋರಾಂ ಕಡೆಯವರು ಅಂತ ಪಕ್ಕದವರು ಹೇಳಿದರು. ಇನ್ನು ಕೆಲವರು ಬಳ್ಳಾರಿ ಜಿಲ್ಲೆಯ ವಿಜಯನಗರದಲ್ಲಿರುವ ಕ್ಲಬ್ಬಿನ ವಸತಿ ಅಕಾಡೆಮಿಯಲ್ಲಿ ಇದ್ದು ಬಂದವರು. ಕ್ಲಬ್ಬಿನ ಮಾಲೀಕರು ಜೆಎಸ್‌ಡಬ್ಲ್ಯೂ, ಅವರ ಉಕ್ಕಿನ ಕಾರ್ಖಾನೆ ಇರುವುದೂ ಅಲ್ಲೇ. ಮನೆ ಬಿಟ್ಟು ಬಂದು, ಅಲ್ಲೇ ಶಾಲೆ, ಅಲ್ಲೇ ಊಟ, ಅಲ್ಲೇ ಆಟ. ಬಳ್ಳಾರಿ ಬಿಸಿಲಲ್ಲಿ ಓಡಿದವರಿಗೆ ಬೆಂಗಳೂರಿನ ಮಧ್ಯಾಹ್ನ ಏನು ಲೆಕ್ಕ?

ಎದುರಿಗೆ ಒಂದು ಆಫೀಸ್ ಟೀಮು. ಅವರಿಗೆ ಜಿಪಿಎಸ್ಸೂ ಇಲ್ಲ, ಗಿಪಿಎಸ್ಸೂ ಇಲ್ಲ. ಒಬ್ಬೊಬ್ಬರಿಗೂ ಮೂವತ್ತು ದಾಟಿದೆ. ಇಬ್ಬರಿಗೆ ನೀ ಕ್ಯಾಪು, ಒಬ್ಬನ ಸಾಕ್ಸಿಗೆ ಇನ್ಸುಲೇಷನ್ ಟೇಪು. ಅವರ ಆರು ನಂಬರಿನವನಿಗಂತೂ ಸಣ್ಣ ಹೊಟ್ಟೆ ಕೂಡ ಇತ್ತು.

ಮೊದಲ ಇಪ್ಪತ್ತು ನಿಮಿಷ ನನಗೆ ಹಬ್ಬ. ಬಿ ಟೀಮಿನ ಬಲಗಡೆಯ ಅಂಚಿನಲ್ಲಿ ಓಡಿ ದಾಳಿ ಮಾಡುವ ವಿಂಗರ್ ಒಬ್ಬ, ಸಣಕಲು ಹುಡುಗ, ಬಾಲ್ ಕಾಲಿಗೆ ಬಂದರೆ ಸಾಕು, ಎದುರಿನವನನ್ನು ಅಲ್ಲೇ ನಿಲ್ಲಿಸಿ ಹೊರಟುಬಿಡುತ್ತಿದ್ದ. ನಾನು ಎದ್ದೆದ್ದು ಕೂಗಿದೆ. ಅಂಕಲ್ ಕಡಲೆಕಾಯಿ ಬಿಡಿಸುತ್ತಾ ಕೂತಿದ್ದರು. “ಇರು, ಆರು ನಂಬರು ಇನ್ನೂ ಎದ್ದಿಲ್ಲ” ಅಂದರು.

ಎದ್ದ. ಓಡಲಿಲ್ಲ, ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದ, ಅಷ್ಟೇ. ಹುಡುಗನಿಗೆ ಬಾಲ್ ಬರುವ ದಾರಿಯೇ ಬಂದ್. ಮೇಲೆ, ಒಂದು ಕಾರ್ನರ್ ಹೊತ್ತಲ್ಲಿ ರೆಫ್ರಿ ಆ ಕಡೆ ನೋಡುತ್ತಿದ್ದಾಗ ಹುಡುಗನ ಪಾದದ ಮೇಲೆ ಬೂಟಿಟ್ಟು ಹಾಗೇ ನಿಂತುಬಿಟ್ಟ. ಹುಡುಗ ಎಗರಲು ಹೋದ, ಆಗಲಿಲ್ಲ. ಎರಡೂ ಕೈ ಎತ್ತಿ ರೆಫ್ರಿಗೆ ದೂರು ಹೇಳಿದ. ರೆಫ್ರಿ ನೋಡಿಯೇ ಇಲ್ಲವಲ್ಲ. ತಮ್ಮ ಕೋಚಿನ ಕಡೆ ತಿರುಗಿದ. ಕೋಚ್ ನಗುತ್ತಿದ್ದರು!

ನನಗೆ ಸಿಟ್ಟು ಬಂತು. ಅಂಕಲ್ ಮಾತ್ರ, “ಇದಕ್ಕೇ ಅಲ್ವಾ ಇಲ್ಲಿಗೆ ಕರ್ಕೊಂಡು ಬರೋದು” ಅಂದರು. ಇದೇ ಹುಡುಗರಿಗೆ ತಮ್ಮ ವಯಸ್ಸಿನವರ ಜೊತೆ ಆಡುವ ಟೂರ್ನಿ ಬೇರೆ ಇದೆ. ರಿಲಯನ್ಸ್ ಫೌಂಡೇಶನ್ ಡೆವಲಪ್‌ಮೆಂಟ್ ಲೀಗು, ಹೆಚ್ಚು ಕಡಿಮೆ 21ರೊಳಗಿನವರದು. 2022ರಲ್ಲಿ ಅದು ಗೋವಾದಲ್ಲಿ ಮೊದಲ ಸಲ ನಡೆದಾಗ ಬೆಂಗಳೂರಿನ ಹುಡುಗರೇ ಗೆದ್ದರು, ಗೆದ್ದು ಇಂಗ್ಲೆಂಡಿಗೆ ಹೋಗಿ ಅಲ್ಲಿನ ಕ್ಲಬ್‌ಗಳ ಹುಡುಗರ ಜೊತೆ ಆಡಿ ಬಂದರು. ಆ ಟೀಮಿನ ಶಿವಶಕ್ತಿ ಅದೇ ವರ್ಷ ಸೆಪ್ಟೆಂಬರಿನಲ್ಲಿ ಡ್ಯುರಾಂಡ್ ಕಪ್ ಫೈನಲ್‌ನಲ್ಲಿ ಮುಂಬೈ ಮೇಲೆ ಗೋಲು ಹೊಡೆದ. ಒಳ್ಳೆಯದೇ. ಆದರೆ ಓರಗೆಯವರ ಜೊತೆ ಆಡುವಾಗ ಆರು ನಂಬರಿನಂಥವರು ಸಿಗುವುದಿಲ್ಲ. ಇಲ್ಲಿ ಸಿಗುತ್ತಾರೆ. ಅವತ್ತು ನೋಡಿದ ಮೇಲೆ ನನ್ನ ಅಭಿಪ್ರಾಯವೂ ಅದೇ: ಖರ್ಚು ಮಾಡಿ ಅಕಾಡೆಮಿ ಕಟ್ಟುವ ಕ್ಲಬ್‌ಗಳಿಗೆ ಈ ಲೀಗು ಬಿಟ್ಟಿ ಸಿಕ್ಕಿರುವ ಮೇಷ್ಟ್ರು.

ಬ್ರೇಕಿನಲ್ಲಿ ಹುಡುಗರು ನಮ್ಮ ಎದುರಿಗೇ ಕೂತು ಬೂಟು ಬಿಚ್ಚಿ ಕೊಡವಿದರು. ಆರ್ಟಿಫಿಶಿಯಲ್ ಟರ್ಫಿನ ಕಪ್ಪು ರಬ್ಬರ್ ಕಾಳು ಸಾಸಿವೆ ಹಾಗೆ ಉದುರಿತು. ನೋವಿನ ಸ್ಪ್ರೇ ವಾಸನೆ ಸ್ಟ್ಯಾಂಡಿನವರೆಗೂ. ಕೋಚ್ ಆ ಹುಡುಗನ ಪಕ್ಕ ಬಗ್ಗಿ, ಮೊಣಕೈ ಹೇಗೆ ಅಗಲಿಸಿ ಬಾಲನ್ನು ಕಾಯಬೇಕು ಅಂತ ತಾವೇ ನಿಂತು ತೋರಿಸಿದರು.

ಎರಡನೇ ಹಾಫಿನಲ್ಲಿ ಹುಡುಗ ಬಾಲ್ ಬರುವ ಮೊದಲೇ ಬೆನ್ನು ಕೊಟ್ಟು ನಿಲ್ಲಲು ಶುರು ಮಾಡಿದ. ಎರಡು ಸಲ ಬಿದ್ದ. ಮೂರನೇ ಸಲ ಆರು ನಂಬರು ಮೈಮೇಲೆ ಬಂದಾಗ ಅಲ್ಲಾಡಲಿಲ್ಲ, ಹಾಗೇ ತಿರುಗಿ ಒಳಗೆ ಪಾಸು ಕೊಟ್ಟ. ಗೋಲು! ಆರು ನಂಬರಿನವನು ನಗುತ್ತಾ ಹುಡುಗನ ತಲೆಗೊಂದು ತಟ್ಟಿ, ಹೊಟ್ಟೆ ಹೊತ್ತುಕೊಂಡು ವಾಪಸ್ ನಡೆದ. ಕೊನೆಗೆ ಅವರೂ ಒಂದು ಹೊಡೆದರು. ಡ್ರಾ.

ಹೊರಗೆ ಟೀ ಕುಡಿಯುವಾಗ ಅಂಕಲ್ ತಮ್ಮ ಕಾಲಕ್ಕೆ ಹೋದರು. ಎಚ್‌ಎಎಲ್, ಐಟಿಐ ಕಾರ್ಖಾನೆಗಳ ಟೀಮುಗಳು ರಾಷ್ಟ್ರಮಟ್ಟದ ಲೀಗಿನಲ್ಲಿ ಆಡುತ್ತಿದ್ದ ಊರು ಇದು. ಆಗ ಆಡಿದರೆ ಕೆಲಸ, ಕೆಲಸ ಸಿಕ್ಕರೆ ಪೆನ್ಷನ್. ಈಗಿನ ಹುಡುಗರಿಗೆ ಒಳ್ಳೆಯ ಊಟ, ಡಾಕ್ಟರು, ಫಿಸಿಯೋ ಎಲ್ಲ ಇದೆ, ಆದರೆ ಕಾಂಟ್ರಾಕ್ಟ್ ಮುಗಿದ ಮಾರನೇ ದಿನ? ಹತ್ತಿಪ್ಪತ್ತು ಹುಡುಗರಲ್ಲಿ ಮೇಲೆ ಹೋಗುವುದು ಒಬ್ಬ, ಇಬ್ಬರು. ಉಳಿದವರು ಇದೇ ಸೂಪರ್ ಡಿವಿಷನ್‌ಗೆ ಬೇರೆ ಶರ್ಟು ಹಾಕಿಕೊಂಡು ಬರುತ್ತಾರೆ. “ಆರು ನಂಬರೂ ಒಂದು ಕಾಲಕ್ಕೆ ಹೀಗೇ ಇದ್ದವನೇ” ಅಂದರು.

ನಮ್ಮ ವಿಂಗರ್ ಖಂಡಿತ ಮೇಲೆ ಹೋಗ್ತಾನೆ ಅಂತ ನಾನು ಮಸಾಲೆ ದೋಸೆ ಪಂದ್ಯ ಕಟ್ಟಿದೆ. 2024ರಲ್ಲಿ ಈಸ್ಟ್ ಬೆಂಗಾಲ್ ಮೇಲೆ ಕಂಠೀರವದಲ್ಲಿ ಮ್ಯಾಚಿನ ಒಂದೇ ಗೋಲು ಹೊಡೆದ ವಿನೀತ್ ವೆಂಕಟೇಶ್ ಕೂಡ ಇದೇ ದಾರಿಯಲ್ಲಿ ಬಂದವನಲ್ಲವಾ ಅಂತ ವಾದವನ್ನೂ ಹಾಕಿದೆ. ಅಂಕಲ್ ತಲೆ ಆಡಿಸಿದರು. ಅವರ ಆಯ್ಕೆ ಎಡಗಡೆ ಕಾಯುವ ಲೆಫ್ಟ್ ಬ್ಯಾಕು.

“ಯಾವ ಲೆಫ್ಟ್ ಬ್ಯಾಕು?” ಅಂದೆ.

“ನೋಡು, ನಿನ್ನ ಕಣ್ಣಿಗೇ ಬಿದ್ದಿಲ್ಲ. ಅವನ ಕಡೆಯಿಂದ ಒಂದು ಬಾಲಾದ್ರೂ ಒಳಗೆ ಬಂತಾ?”

ರೋಷನ್ ಸಿಂಗ್ ನೆನಪಾದ. ಇದೇ ರಿಸರ್ವ್ ಟೀಮಿನಿಂದ ಬಂದು 2021-22ರಲ್ಲಿ ಐಎಸ್‌ಎಲ್‌ನ (ಇಂಡಿಯನ್ ಸೂಪರ್ ಲೀಗ್) ಉದಯೋನ್ಮುಖ ಆಟಗಾರ ಪ್ರಶಸ್ತಿ ತೆಗೆದುಕೊಂಡವನು. ವಿಂಗ್‌ನಲ್ಲಿ ಆಡುತ್ತಿದ್ದವನನ್ನು ಬ್ಯಾಕ್ ಮಾಡಿದ ಮೇಲೆ ಅವನ ಆಟ ಕುದುರಿದ್ದು. ಹೇಳಿದೆ.

“ಹಾಗಾದ್ರೆ ನಿನ್ನ ಹುಡುಗನ್ನೂ ಬ್ಯಾಕ್ ಮಾಡ್ಲಿ, ಆಮೇಲೆ ದೋಸೆ ಕೇಳು” ಅಂದು ಅಂಕಲ್ ಟೀ ದುಡ್ಡು ನನ್ನ ಕೈಲೇ ಕೊಡಿಸಿದರು.